ಮೀಸಲಾತಿ ಪಾಠ ಮಾಡುವುದು ಹೇಗೆ: ನೂರು ಹುಣಸೆಬೀಜ, ಎರಡು ಶನಿವಾರ

ಜೂನ್ ಬಂತೆಂದರೆ ಹೊಸ ಲೆಕ್ಚರರ್‌ಗಳ ಫೋನ್ ಶುರುವಾಗುತ್ತದೆ. "ಮೇಡಂ, ಮೀಸಲಾತಿ ಪಾಠ ಹೇಗೆ ಮಾಡ್ತೀರಿ? ಕ್ಲಾಸಲ್ಲಿ ಗಲಾಟೆ ಆಗಲ್ವಾ?" ಆಗುತ್ತದೆ. ಗಲಾಟೆ ಬೇಡ ಅಂದರೆ ಇರುವ ದಾರಿ ಒಂದೇ, ಪಾಠ ಬಿಟ್ಟು ನೋಟ್ಸ್ ಬರೆಸುವುದು. ತುಂಬಾ ಜನ ಅದನ್ನೇ ಮಾಡುತ್ತಾರೆ. ಸಂವಿಧಾನದ 15(4), 16(4)ನೇ ವಿಧಿ, ಮಂಡಲ್ ಆಯೋಗ, ಕೆನೆಪದರ, ಐದು ಅಂಕದ ಪ್ರಶ್ನೆ, ಮುಗೀತು. ಮಕ್ಕಳು ಬರೆದುಕೊಂಡು ಹೋಗುತ್ತಾರೆ. ಆಮೇಲೆ ಬಸ್‌ಸ್ಟಾಂಡಿನಲ್ಲಿ ನಿಂತು, ಮೊಬೈಲಿಗೆ ಬಂದ ಯಾವುದೋ ವಿಡಿಯೋ ನೋಡಿ, ಅದೇ ವಿಷಯಕ್ಕೆ ಒಬ್ಬರ ಕಾಲರ್ ಒಬ್ಬರು ಹಿಡಿಯುತ್ತಾರೆ.

ನಾನು ಶಿರಾ ಕಡೆಯ ಒಂದು ಸರ್ಕಾರಿ ಪಿಯು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಕೆಲಸಕ್ಕೆ ಸೇರಿ 19 ವರ್ಷ ಆಯಿತು. ಈ ಪಾಠವನ್ನು ಹಲವು ಸಲ ಕೆಡಿಸಿ, ತಿದ್ದಿ, ಈಗ ಒಂದು ದಾರಿಗೆ ತಂದಿದ್ದೇನೆ. ಸೆಕೆಂಡ್ ಪಿಯುಸಿಯ ಆರ್ಟ್ಸ್ ಮಕ್ಕಳ ಜೊತೆ ಸೈನ್ಸ್ ಮಕ್ಕಳನ್ನೂ ಕೂರಿಸಿಕೊಳ್ಳುತ್ತೇನೆ. ಸಿಇಟಿ ಸೀಟಿನ ಸಿಟ್ಟು ಅವರಲ್ಲಿ ಜಾಸ್ತಿ. ಪೊಲೀಸ್ ಕೆಲಸ, ಸರ್ಕಾರಿ ಆಫೀಸಿನ ಎಫ್‌ಡಿಎ ಕೆಲಸದ ಆಸೆ ಆರ್ಟ್ಸ್‌ನವರಲ್ಲಿ ಜಾಸ್ತಿ. ಎರಡು ಶನಿವಾರ ಬೇಕು, ದಿನಕ್ಕೆ ಎರಡೆರಡು ಪೀರಿಯಡ್. ಸಾಮಾನು ಹೆಚ್ಚಿಲ್ಲ: ನೂರು ಹುಣಸೆಬೀಜ, ಆ ವರ್ಷದ ಸಿಇಟಿ ಮಾಹಿತಿ ಪುಸ್ತಕ, ಸಂವಿಧಾನದ ಒಂದು ಪ್ರತಿ, ಹಳೇ ನೋಟ್‌ಬುಕ್ಕಿನ ಹಾಳೆ ಹರಿದು ಮಾಡಿದ ಚೀಟಿಗಳು.

ಯಾರನ್ನೂ ಎದ್ದು ನಿಲ್ಲಿಸಬೇಡಿ

ಇದನ್ನು ನಾನು ತಪ್ಪು ಮಾಡಿಯೇ ಕಲಿತದ್ದು. ನನ್ನ ಮೊದಲ ಪೋಸ್ಟಿಂಗ್, ಬೇರೆ ಊರು. ಆಫೀಸಿನಿಂದ ಅಟೆಂಡರ್ ಒಂದು ಚೀಟಿ ತಂದುಕೊಟ್ಟರು. ಸ್ಕಾಲರ್‌ಶಿಪ್ ಅರ್ಜಿಗೆ ಹೆಸರು ಬೇಕಿತ್ತು. ಹಾಜರಿ ಪುಸ್ತಕದಲ್ಲಿ ಎಸ್‌ಸಿ, ಎಸ್‌ಟಿ ಮಕ್ಕಳ ಹೆಸರು ಕೆಂಪು ಇಂಕಿನಲ್ಲೇ ಇದ್ದವು, ನೋಡಿ ಬರೆದುಕೊಳ್ಳಬಹುದಿತ್ತು. ಅಷ್ಟು ತಾಳ್ಮೆ ಯಾರಿಗಿತ್ತು? "ಎಸ್‌ಸಿ ಎಸ್‌ಟಿಯವರು ಎದ್ದು ನಿಲ್ಲಿ" ಅಂದೆ.

ಎಂಟು ಹತ್ತು ಜನ ಎದ್ದರು. ಹಿಂದಿನ ಬೆಂಚಿನಿಂದ ಯಾರೋ ಕಿಸಕ್ಕನೆ ನಕ್ಕರು. ಮೂರನೇ ಬೆಂಚಿನಲ್ಲಿ ಒಬ್ಬಳು ಹುಡುಗಿ ತಲೆ ತಗ್ಗಿಸಿ ನೋಟ್‌ಬುಕ್ಕಿನ ಮೂಲೆಗೆ ಪೆನ್ನಿನಲ್ಲಿ ಗೀಚುತ್ತಾ ಕೂತಿದ್ದಳು. ನಾನು ಎದ್ದವರ ಹೆಸರು ಬರೆದು ಕಳಿಸಿದೆ. ಒಂದೂವರೆ ತಿಂಗಳ ಮೇಲೆ ಅವಳ ಅಮ್ಮ ಬಂದು ಕೇಳಿದರು, "ಎಲ್ರಿಗೂ ಬಂದೈತಂತೆ ದುಡ್ಡು, ನಮ್ಮ ಹುಡುಗಿಗೆ ಯಾಕೆ ಬಂದಿಲ್ಲ ಮೇಡಂ?" ಪಟ್ಟಿ ನೋಡಿದೆ. ಅವಳ ಹೆಸರಿರಲಿಲ್ಲ. ಅವತ್ತು ಅವಳು ಎದ್ದಿರಲಿಲ್ಲ. ಅವಳ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿಗೆ ಅವಳ ಜಾತಿ ಗೊತ್ತಿರಲಿಲ್ಲ. ಗೊತ್ತಾಗಬಾರದು ಅಂತ ಆ ವರ್ಷದ ದುಡ್ಡನ್ನೇ ಬಿಟ್ಟಿದ್ದಳು. ಕೊನೆ ದಿನಾಂಕ ದಾಟಿತ್ತು. ನಾನು ಏನೂ ಮಾಡಲು ಆಗಲಿಲ್ಲ.

ಸ್ಕಾಲರ್‌ಶಿಪ್ ಕೊಡುವುದು ಸರಿಯಾದ ಕೆಲಸ. ಅದನ್ನು ನಾನು ಕೊಟ್ಟ ರೀತಿ ಕೆಟ್ಟದಾಗಿತ್ತು. ಮೀಸಲಾತಿ ಸರಿಯೋ ತಪ್ಪೋ ಅಂತ ಗಂಟೆಗಟ್ಟಲೆ ಮಾತಾಡುತ್ತೇವೆ, ಕೊಡುವಾಗ ಹೇಗೆ ಕೊಡುತ್ತೇವೆ ಅನ್ನುವುದನ್ನು ಕೇಳುವುದೇ ಇಲ್ಲ.

ಹಾಗಾಗಿ ಪಾಠದ ಎರಡೂ ದಿನ ಒಂದು ನಿಯಮ ಹಾಕುತ್ತೇನೆ. ಯಾರೂ ತಮ್ಮ ಜಾತಿ ಹೇಳಬೇಕಾಗಿಲ್ಲ, ಯಾರೂ ಇನ್ನೊಬ್ಬರ ಜಾತಿ ಕೇಳುವ ಹಾಗಿಲ್ಲ. "ನಿಮ್ಮೋರು", "ನಮ್ಮೋರು" ಅನ್ನುವ ಮಾತು ಬಂದರೆ ಅಲ್ಲಿಗೇ ನಿಲ್ಲಿಸಿ, ಬೇರೆ ಮಾತಿನಲ್ಲಿ ಹೇಳಿಸುತ್ತೇನೆ. ಕ್ಲಾಸಿನಲ್ಲಿ ಕೂತ ಯಾವ ಮಗುವನ್ನೂ ಉದಾಹರಣೆ ಮಾಡಬೇಡಿ. ಹೊಗಳುವುದಕ್ಕೂ ಬೇಡ. "ನೋಡಿ, ಇವಳು ಮೀಸಲಾತಿ ಇಲ್ಲದೇನೇ ಫಸ್ಟ್ ಬಂದಳು" ಅಂತ ಬೆನ್ನು ತಟ್ಟುವವರೂ ಇದ್ದಾರೆ. ಅದೂ ಎದ್ದು ನಿಲ್ಲಿಸಿದ ಹಾಗೇ.

ಪಂಚಾಯಿತಿಯಿಂದ ಶುರು ಮಾಡಿ

ಮೊದಲ ಶನಿವಾರ ಜಾತಿಯ ಮಾತೇ ಎತ್ತುವುದಿಲ್ಲ. ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆಯುತ್ತೇನೆ: ನಿಮ್ಮ ಊರಿನ ಪಂಚಾಯಿತಿ ಅಧ್ಯಕ್ಷರು ಯಾರು?

ತಮಾಷೆ ನೋಡಿ, ಅರ್ಧ ಮಕ್ಕಳು ಗಂಡಸಿನ ಹೆಸರು ಹೇಳುತ್ತಾರೆ. ಆಮೇಲೆ ಯಾರೋ ಹುಡುಗಿ ತಿದ್ದುತ್ತಾಳೆ. "ಅಲ್ಲ ಮೇಡಂ, ಅಧ್ಯಕ್ಷರು ಅವರ ಹೆಂಡ್ತಿ. ಅವರು ಬರೋದೇ ಇಲ್ಲ, ಎಲ್ಲಾ ಗಂಡಂದೇ." ಕ್ಲಾಸು ನಗುತ್ತದೆ. ಹುಡುಗರು ತಕ್ಷಣ ಹೇಳುತ್ತಾರೆ, ಹಾಗಾದರೆ ಮಹಿಳಾ ಮೀಸಲಾತಿ ಸುಮ್ನೆ ಅಲ್ವಾ? ಸಹಿ ಅವರದ್ದು, ದರ್ಬಾರು ಇವರದ್ದು.

ಇಲ್ಲಿ ಅವಸರ ಬೇಡ. ಇನ್ನೊಬ್ಬ ಹುಡುಗಿ ಕೈ ಎತ್ತುವವರೆಗೆ ಕಾಯಿರಿ. ಎತ್ತೇ ಎತ್ತುತ್ತಾಳೆ. "ನಮ್ಮೂರಲ್ಲಿ ಮೊದಲ್ನೇ ಸಲ ಹಂಗೇ ಇತ್ತು ಮೇಡಂ. ಎರಡ್ನೇ ಸಲ ಗೆದ್ದ್ಮೇಲೆ ಅಕ್ಕ ತಾನೇ ಮೀಟಿಂಗಿಗೆ ಹೋಗ್ತಾರೆ. ನಲ್ಲಿ ನೀರು ಬಂದಿಲ್ಲ ಅಂದ್ರೆ ಹೆಂಗಸ್ರು ಅವರ ಮನೆಗೇ ಹೋಗಿ ಬೈತಾರೆ." ಬೈಯುವುದಕ್ಕೆ ಹೋಗುವಷ್ಟು ಹತ್ತಿರದ ಅಧಿಕಾರ. ಈ ಮಾತನ್ನು ನಾನು ಹೇಳಿದರೆ ಪಾಠ ಆಗುತ್ತದೆ, ಅವಳು ಹೇಳಿದರೆ ಊರಿನ ಸುದ್ದಿ ಆಗುತ್ತದೆ.

ಆಗ ಇತಿಹಾಸ ಸ್ವಲ್ಪ ಸೇರಿಸಿ. ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಸ್ಥಾನ ಮೀಸಲಿಟ್ಟ ಸಂವಿಧಾನದ 73ನೇ ತಿದ್ದುಪಡಿ ದೇಶಕ್ಕೆಲ್ಲ ಬಂದದ್ದು 1993ರಲ್ಲಿ. ಅದಕ್ಕೂ ಮುಂಚೆ 1983ರ ಕರ್ನಾಟಕದ ಕಾಯ್ದೆಯೇ ಮಹಿಳೆಯರಿಗೆ ಶೇ 25 ಸ್ಥಾನ ಇಟ್ಟಿತ್ತು. 1987ರಲ್ಲಿ ಚುನಾವಣೆ ನಡೆಯಿತು. ಅದರ ಹಿಂದೆ ಇದ್ದವರು ಆಗ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್. ಊರೂರಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡವರು. ಈಗ ನಮ್ಮ ಪಂಚಾಯಿತಿಗಳಲ್ಲಿ ಅದು ಶೇ 50. ಮೊದಲ ತಲೆಮಾರಿನ ಎಷ್ಟೋ ಜನ ಗಂಡನ ಮಾತಿನ ಮೇಲೆ ಸಹಿ ಹಾಕಿದ್ದು ನಿಜ. ಹಾಗಂತ ಕುರ್ಚಿ ವಾಪಸ್ ತಗೋಬೇಕಿತ್ತಾ, ಇನ್ನೊಂದು ಅವಧಿ ಕಾಯಬೇಕಿತ್ತಾ? ಈ ಪ್ರಶ್ನೆಗೆ ಉತ್ತರ ಹೇಳಬೇಡಿ. ಹಾಗೇ ಬೋರ್ಡಿನ ಮೂಲೆಯಲ್ಲಿ ಬಿಡಿ. ಎರಡನೇ ಶನಿವಾರ ಅದು ತಾನಾಗಿ ವಾಪಸ್ ಬರುತ್ತದೆ.

ಯಾಕೆ ಇಲ್ಲಿಂದ ಶುರು ಅಂದರೆ, ಹೆಣ್ಣುಮಕ್ಕಳು ಎಲ್ಲರ ಮನೆಯಲ್ಲೂ ಇದ್ದಾರೆ. ಅಕ್ಕನನ್ನು ಕಾಲೇಜಿಗೆ ಕಳಿಸದೆ ತನ್ನನ್ನು ಮಾತ್ರ ಓದಿಸಿದರು ಅನ್ನುವುದು ಗೊತ್ತಿರುವ ಹುಡುಗ, ಅವಕಾಶ ತಪ್ಪುವುದು ಅಂದರೇನು ಅಂತ ಬೇಗ ಹಿಡಿಯುತ್ತಾನೆ. ಜಾತಿಯಿಂದ ಶುರು ಮಾಡಿದರೆ ಕೇಳುವ ಮೊದಲೇ ಕಿವಿ ಮುಚ್ಚಿಕೊಂಡಿರುತ್ತಾನೆ.

ಹುಣಸೆಬೀಜದ ಲೆಕ್ಕ

ಮೊದಲು ಲೆಕ್ಕ, ಆಮೇಲೆ ನ್ಯಾಯ. ಈ ಕ್ರಮ ತಪ್ಪಿಸಬೇಡಿ. ಸೀಟು ಹೇಗೆ ಹಂಚುತ್ತಾರೆ ಅಂತ ಗೊತ್ತಿಲ್ಲದೆಯೇ ಮಕ್ಕಳು (ಸ್ಟಾಫ್‌ರೂಮಿನವರೂ) ಜಗಳ ಆಡುವುದು.

ಟೇಬಲ್ ಮೇಲೆ ನೂರು ಬೀಜ ಸುರಿಯಿರಿ. ಇದು ಸರ್ಕಾರಿ ಕಾಲೇಜಿನ ನೂರು ಸೀಟು ಅನ್ನಿ. ಒಬ್ಬರನ್ನು ಕರೆದು ಗುಡ್ಡೆ ಮಾಡಿಸಿ. 2022ರ ಕಾಯ್ದೆಯಂತೆ ಎಸ್‌ಸಿ 17, ಎಸ್‌ಟಿ 7. ಅದಕ್ಕೂ ಮುಂಚೆ 15 ಮತ್ತು 3 ಇತ್ತು. ಆಮೇಲೆ ಹಿಂದುಳಿದ ವರ್ಗಗಳ ಗುಂಪುಗಳು: ಕೆಟಗರಿ ಒಂದಕ್ಕೆ 4, ಟೂಎಗೆ 15, ಟೂಬಿಗೆ 4, ತ್ರೀಎಗೆ 4, ತ್ರೀಬಿಗೆ 5. ಕೂಡಿಸಿದರೆ 56. ಉಳಿದದ್ದು 44. ಎಸ್‌ಸಿ, ಎಸ್‌ಟಿ ಪಾಲಿನ ಹೆಚ್ಚಳ ಕೋರ್ಟಿನ ಮೆಟ್ಟಿಲು ಹತ್ತಿರುವುದರಿಂದ ಪಾಠ ಮಾಡುವ ವರ್ಷ ಮಾಹಿತಿ ಪುಸ್ತಕ ತೆಗೆದು ಸಂಖ್ಯೆ ನೋಡಿಕೊಂಡೇ ಗುಡ್ಡೆ ಮಾಡಿಸಿ.

ಈಗ ಆ 44ರ ಗುಡ್ಡೆ ತೋರಿಸಿ ಕೇಳಿ, ಇದು ಯಾರದ್ದು? ಇಡೀ ಕ್ಲಾಸು ಒಂದೇ ದನಿಯಲ್ಲಿ ಹೇಳುತ್ತದೆ, "ಜಿಎಂನವರದ್ದು." ಜಿಎಂನವರು ಅಂದರೆ ಯಾರು? "ಮೀಸಲಾತಿ ಇಲ್ಲದೋರು."

ತಪ್ಪು. ಜನರಲ್ ಮೆರಿಟ್ ಅನ್ನುವುದು ಒಂದು ಜಾತಿಯ ಹೆಸರಲ್ಲ. ಆ 44 ಎಲ್ಲರದ್ದೂ. ರ‍್ಯಾಂಕ್ ಮುಂದಿದ್ದರೆ ಎಸ್‌ಸಿ ಹುಡುಗಿಯೂ ಅದರಲ್ಲೇ ಸೀಟು ತಗೋತಾಳೆ. ಹಾಗೆ ತಗೊಂಡರೆ ಅವಳನ್ನು 17ರ ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು. ಹತ್ತು ಕಾಲ್ಪನಿಕ ರ‍್ಯಾಂಕ್ ಬರೆದು, ಬೀಜ ಎತ್ತಿಸಿ ತೋರಿಸಿ. ಒಂದು ಸಲ ಹೀಗೆ ಎತ್ತಿಸುವಾಗ ಒಬ್ಬ ಹುಡುಗ, "ಅಂದ್ರೆ ಅವ್ರಿಗೆ ಎರಡೂ ಕಡೆ ಬಾಗಿಲು!" ಅಂದ. ಪಕ್ಕದ ಹುಡುಗಿ ಅವನ ಕಡೆ ತಿರುಗಿಯೂ ನೋಡದೆ, "ನಿಂಗೆ ದೊಡ್ಡ ಬಾಗಿಲು ಮುಚ್ಚಿದ್ದು ಯಾರು? ಓದು" ಅಂದಳು. ನಾನು ಇಬ್ಬರ ಮಾತನ್ನೂ ಬೋರ್ಡಿನ ಮೇಲೆ ಬರೆದೆ. ಎರಡರಲ್ಲೂ ಹುರುಳಿದೆ.

ಆಮೇಲೆ ಬೀಜ ತೇಯುವ ಕೆಲಸ. ಚೌಕಾಬಾರ ಆಡುವವರು ಹುಣಸೆಬೀಜದ ಒಂದು ಮಗ್ಗುಲು ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡುತ್ತಾರಲ್ಲ, ಹಾಗೆ 15 ಬೀಜ ಮನೆಯಿಂದಲೇ ತೇಯ್ದು ತಂದಿರಿ. ಪ್ರತಿ ಗುಡ್ಡೆಯಲ್ಲೂ ಅದರ ಪಾಲಿನಷ್ಟು ಬೀಜ ತೆಗೆದು ಆ ಜಾಗಕ್ಕೆ ಬಿಳಿ ಬೀಜ ಇಡಿ. ಇದು ಗ್ರಾಮೀಣ ಕೋಟಾ, ಶೇ 15. ಒಂದರಿಂದ ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ ಓದಿದವರಿಗೆ. ಕನ್ನಡ ಮಾಧ್ಯಮದವರಿಗೆ ಇನ್ನೊಂದು ಶೇ 5. ಜಾತಿ ಕೋಟಾ ಗುಡ್ಡೆ ಬೇರೆ ಮಾಡುತ್ತದೆ, ಈ ಕೋಟಾ ಎಲ್ಲ ಗುಡ್ಡೆಯೊಳಗೂ ಅಡ್ಡಡ್ಡ ಹಾಯುತ್ತದೆ. ಕಲ್ಯಾಣ ಕರ್ನಾಟಕದ ಕಾಲೇಜಾದರೆ ಆ ಭಾಗದವರಿಗೆ ಇರುವ 371(ಜೆ) ಮೀಸಲಾತಿ ಸೇರಿಸಿ, ಅಗ್ರಿ ಬಿಎಸ್ಸಿ ಕೇಳಿದರೆ ಕೃಷಿಕರ ಕೋಟಾ ಹೇಳಿ.

ನನ್ನ ಕ್ಲಾಸಿನಲ್ಲಿ ಮಾತು ತಿರುಗುವುದು ಇಲ್ಲೇ. ಒಂದು ವರ್ಷ ಒಬ್ಬ ಹುಡುಗ ಇದ್ದ. ಮೀಸಲಾತಿ ಅಂದರೆ ಭಿಕ್ಷೆ ಅಂತ ವಾರಗಟ್ಟಲೆ ವಾದ ಮಾಡಿದವನು. ಮಾರನೇ ವಾರ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ್ ಸಹಿ ಆಗಿದೆ, ಬಿಇಒ ಆಫೀಸಿನಲ್ಲಿ ಮೇಲುಸಹಿ ಬೇಕು, ಯಾರಾದರೂ ಪರಿಚಯ ಇದ್ದಾರಾ ಅಂತ ನನ್ನ ಹತ್ತಿರ ಬಂದ. ನಾನು ನಗಲಿಲ್ಲ, ಚುಚ್ಚಲೂ ಇಲ್ಲ. "ಇದು ಭಿಕ್ಷೆನಾ?" ಅಂತ ಮಾತ್ರ ಕೇಳಿದೆ. "ಇದು ಬೇರೆ ಮೇಡಂ. ಹಳ್ಳಿ ಸ್ಕೂಲಲ್ಲಿ ಇಂಗ್ಲಿಷ್ ಮೇಷ್ಟ್ರೇ ಇರ್ಲಿಲ್ಲ. ಸಿಟಿಯೋರ ಜೊತೆ ನಾವು ಹೆಂಗೆ ಓಡೋದು?" ಅಂದ. ಎಷ್ಟು ಚೆನ್ನಾಗಿ ಹೇಳಿದ ನೋಡಿ. ಇಡೀ ಮೀಸಲಾತಿಯ ತರ್ಕ ಅವನ ಬಾಯಲ್ಲೇ ಇತ್ತು. ಅದು ತನ್ನದಾದಾಗ ನ್ಯಾಯ, ಇನ್ನೊಬ್ಬರದ್ದಾದಾಗ ಭಿಕ್ಷೆ ಯಾಕೆ ಅಂತ ಯೋಚನೆ ಮಾಡು ಅಂದೆ. ಸಹಿ ಮಾಡಿಸಿಕೊಟ್ಟೆ. ಅವನು ಬದಲಾದನೋ ಇಲ್ಲವೋ, ಭಿಕ್ಷೆ ಅನ್ನುವ ಪದ ಮಾತ್ರ ಆಮೇಲೆ ಅವನ ಬಾಯಿಂದ ಬರಲಿಲ್ಲ.

ಗೋಡೆಯ ಮೇಲಿನ ಎರಡು ಫೋಟೋ

ಇತಿಹಾಸವನ್ನು ಡೆಲ್ಲಿಯಿಂದ, 1990ರ ಮಂಡಲ್ ಗಲಾಟೆಯಿಂದ ಶುರು ಮಾಡುವುದು ನಮ್ಮವರ ಚಾಳಿ. ನಮ್ಮ ಮನೆಯಲ್ಲೇ ಹಳೆಯ ಕಥೆ ಇದೆ. ನಮ್ಮ ಸ್ಟಾಫ್‌ರೂಮಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಫೋಟೋ, ಪಕ್ಕದಲ್ಲೇ ವಿಶ್ವೇಶ್ವರಯ್ಯನವರ ಫೋಟೋ. ನಿಮ್ಮಲ್ಲೂ ಇರುತ್ತದೆ. ಎರಡನ್ನೂ ಇಳಿಸಿ ಕ್ಲಾಸಿಗೆ ತರುತ್ತೇನೆ.

1918ರಲ್ಲಿ ಮೈಸೂರು ಸರ್ಕಾರದ ಕೆಲಸಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದವರಿಗೆ ಜಾಗ ಇಲ್ಲ ಅನ್ನುವ ದೂರಿನ ಮೇಲೆ ಮಹಾರಾಜರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ವರದಿ 1919ರಲ್ಲಿ ಬಂತು, 1921ರಲ್ಲಿ ಆದೇಶ ಆಯಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆ ಇರಲಿಲ್ಲ. ಶಾಲೆ ಹೆಚ್ಚಿಸೋಣ, ಎಲ್ಲರೂ ಓದಿ ಮೇಲೆ ಬರಲಿ, ಕೆಲಸಕ್ಕೆ ಯೋಗ್ಯತೆಯೇ ಅಳತೆ ಆಗಲಿ ಅನ್ನುವುದು ಅವರ ನಿಲುವು. ಅವರು ಹುದ್ದೆ ಬಿಟ್ಟರು. ಒಬ್ಬರು ಕೆಟ್ಟವರು, ಒಬ್ಬರು ಒಳ್ಳೆಯವರು ಅಂತ ಮಾಡಬೇಡಿ. ಕನ್ನಂಬಾಡಿ ಕಟ್ಟೆಗೆ ಇಬ್ಬರೂ ಬೇಕಾಗಿತ್ತು. ಇಬ್ಬರೂ ರಾಜ್ಯಕ್ಕೆ ಒಳ್ಳೆಯದನ್ನೇ ಬಯಸಿದವರು, ಈ ಒಂದು ಪ್ರಶ್ನೆಯಲ್ಲಿ ಬೇರೆಯಾದರು. ಫೋಟೋಗಳ ಕೆಳಗೆ ಎರಡು ಬೆಂಚು ಹಾಕಿ, ಇವರ ಕಡೆ ಮೂವರು, ಅವರ ಕಡೆ ಮೂವರು ಕೂತು ವಾದ ಮಾಡಲಿ. ಮಕ್ಕಳು ಅದ್ಭುತವಾಗಿ ಮಾಡುತ್ತಾರೆ, ಯಾಕೆಂದರೆ ಮಾತಾಡುತ್ತಿರುವುದು ತಾವಲ್ಲ, ಫೋಟೋದಲ್ಲಿ ಇರುವವರು.

ಇನ್ನೊಂದು ವಿಷಯ ಬಿಡಬೇಡಿ. ಮೀಸಲಾತಿ ಶೇ 50 ದಾಟಬಾರದು ಅಂತ ದೇಶವೆಲ್ಲ ಮಾತಾಡುವ ಮಿತಿ ಇದೆಯಲ್ಲ, ಅದರ ಬೇರು ಇಲ್ಲೇ ಇದೆ. 1962ರಲ್ಲಿ ಮೈಸೂರು ಸರ್ಕಾರ ಮೆಡಿಕಲ್, ಎಂಜಿನಿಯರಿಂಗ್ ಸೀಟುಗಳಲ್ಲಿ ಹಿಂದುಳಿದವರಿಗೆ 28, ಹೆಚ್ಚು ಹಿಂದುಳಿದವರಿಗೆ 22, ಎಸ್‌ಸಿಗೆ 15, ಎಸ್‌ಟಿಗೆ 3 ಅಂತ ಒಟ್ಟು 68 ಇಟ್ಟಿತು. ಎಂ.ಆರ್. ಬಾಲಾಜಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಸಾಮಾನ್ಯವಾಗಿ ಅರ್ಧಕ್ಕಿಂತ ಕಮ್ಮಿ ಇರಬೇಕು ಅಂದಿತು. 1992ರ ಇಂದಿರಾ ಸಾಹ್ನಿ ತೀರ್ಪು ಅದನ್ನು ಗಟ್ಟಿ ಮಾಡಿತು, ಹಿಂದುಳಿದ ವರ್ಗಗಳಲ್ಲೇ ಮುಂದೆ ಬಂದವರನ್ನು ಹೊರಗಿಡುವ ಕೆನೆಪದರವನ್ನೂ ತಂದಿತು. ಬೀಜ ಟೇಬಲ್ ಮೇಲೇ ಇದ್ದರೆ 68 ಎಣಿಸಿ ತೋರಿಸಿ, ಉಳಿಯುವ 32 ಕಣ್ಣಿಗೆ ಕಾಣುತ್ತದೆ. ದೇವರಾಜ ಅರಸು, ಹಾವನೂರ್ ಆಯೋಗದ 1975ರ ವರದಿ, ಇವು ಸಿಲಬಸ್‌ನಲ್ಲೇ ಇರುವುದರಿಂದ ಬೇಗ ಮುಗಿಸಿ.

ಎರಡನೇ ಶನಿವಾರ: ಚೀಟಿ

ಹೆಸರಿಲ್ಲದ ಚೀಟಿ ಕೊಡಿ. ಮೀಸಲಾತಿ ಬಗ್ಗೆ ಮನಸ್ಸಿನಲ್ಲಿ ಇರುವ ಒಂದು ಮಾತು ಬರೆಯಲಿ, ಎಷ್ಟು ಒರಟಾಗಿದ್ದರೂ ಸರಿ. ಡಬ್ಬದಲ್ಲಿ ಹಾಕಿ ಕುಲುಕಿ ಹಂಚಿ. ತನಗೆ ಬಂದ ಚೀಟಿ ಇನ್ನೊಬ್ಬರದ್ದು. ಅದರ ಪರವಾಗಿ ಎರಡು ನಿಮಿಷ ಮಾತಾಡಬೇಕು, ಬರೆದವರು ಮೆಚ್ಚುವ ಹಾಗೆ. ನಿಮ್ಮ ಅಕ್ಷರ ಗುರುತು ಸಿಗಬಾರದು ಅಂದರೆ ಎಡಗೈಯಲ್ಲಿ ಬರೆಯಿರಿ ಅಂತ ಹೇಳುತ್ತೇನೆ. ಒಬ್ಬಿಬ್ಬರು ನಿಜಕ್ಕೂ ಹಾಗೇ ಬರೆಯುತ್ತಾರೆ.

ಪ್ರತಿ ವರ್ಷ ಬರುವ ಚೀಟಿಗಳು ಹೆಚ್ಚುಕಮ್ಮಿ ಅವೇ.

"ಹತ್ತು ವರ್ಷ ಸಾಕು ಅಂತ ಅಂಬೇಡ್ಕರ್ ಅವರೇ ಹೇಳಿದ್ದರು." ಇದಕ್ಕೆ ವಾದ ಬೇಡ, ಪುಸ್ತಕ ಸಾಕು. ಸಂವಿಧಾನ ತೆಗೆಸಿ 334ನೇ ವಿಧಿ ಓದಿಸಿ. ಹತ್ತು ವರ್ಷದ ಮಾತು ಇರುವುದು ಲೋಕಸಭೆ, ವಿಧಾನಸಭೆಯ ಸ್ಥಾನಗಳಿಗೆ. ಅದನ್ನು ಹತ್ತತ್ತು ವರ್ಷ ಮುಂದೂಡುತ್ತಾ ಬಂದು ಈಗ 2030ರವರೆಗೆ ಇದೆ. ಓದು, ಕೆಲಸದ ಮೀಸಲಾತಿಗೆ ಅಂಥ ಗಡುವು ಎಲ್ಲೂ ಬರೆದಿಲ್ಲ. ಆದರೆ ಚೀಟಿಯ ಒಳಗಿನ ಪ್ರಶ್ನೆ ಸತ್ತಿಲ್ಲ: ಎಷ್ಟು ದಿನ? ಬೋರ್ಡಿನ ಮೂಲೆಯಲ್ಲಿ ಬಿಟ್ಟ ಪ್ರಶ್ನೆ ವಾಪಸ್ ಬರುವುದು ಇಲ್ಲೇ. ಆಗ ನಾನು ಕೇಳುತ್ತೇನೆ, ಸಾಕು ಅಂತ ನಮಗೆ ಗೊತ್ತಾಗುವುದು ಹೇಗೆ, ಅಳತೆ ನೀವೇ ಮಾಡಿ. ಒಂದು ವರ್ಷ ಬಂದ ಅಳತೆಗಳು ಇವು: ಪೌರಕಾರ್ಮಿಕರ ಕೆಲಸಕ್ಕೆ ಎಲ್ಲ ಜಾತಿಯವರೂ ಬಂದಾಗ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಿದರೆ "ನೀವು ವೆಜ್ಜಾ?" ಅಂತ ಕೇಳದಿದ್ದಾಗ. ಬಿಸಿಯೂಟ ಯಾರು ಮಾಡಿದರೂ ಮಕ್ಕಳನ್ನು ಸ್ಕೂಲು ಬಿಡಿಸದಿದ್ದಾಗ. ದಲಿತ ಅಡುಗೆಯವರ ಕಾರಣಕ್ಕೆ ಮಕ್ಕಳನ್ನು ಶಾಲೆಯಿಂದ ಬಿಡಿಸಿದ ಸುದ್ದಿ ನಮ್ಮ ರಾಜ್ಯದಲ್ಲೇ ಬಂದಿದೆ. ಈ ಅಳತೆಗಳ ಮುಂದೆ ನಾನು ಬೇರೆ ಏನೂ ಸೇರಿಸಲಿಲ್ಲ.

"ಕೋಟಾ ಡಾಕ್ಟರ್ ಹತ್ತಿರ ಆಪರೇಷನ್ ಮಾಡಿಸ್ಕೋತೀರಾ?" ಬೇಗ ಮುಗಿಯುವ ಚೀಟಿ. ಮೀಸಲಾತಿ ಒಳಗೆ ಬರುವ ಬಾಗಿಲಿಗೆ. ಎಂಬಿಬಿಎಸ್ ಪರೀಕ್ಷೆ ಪಾಸಾಗಲು ಎಲ್ಲರಿಗೂ ಅಂಕ ಒಂದೇ. ಇದರ ಜೊತೆಗೆ ಒಂದು ಅಡ್ಡ ಪ್ರಶ್ನೆ ಹಾಕಿ: ಮ್ಯಾನೇಜ್‌ಮೆಂಟ್ ಸೀಟಿನಲ್ಲಿ, ಎನ್‌ಆರ್‌ಐ ಕೋಟಾದಲ್ಲಿ ಓದಿದ ಡಾಕ್ಟರ ಬಗ್ಗೆ ಯಾಕೆ ಯಾರೂ ಹೀಗೆ ಕೇಳುವುದಿಲ್ಲ?

"ಜಾತಿ ನೋಡಬೇಡಿ, ಬಡತನ ನೋಡಿ." ಇದಕ್ಕೆ ಸಮಯ ಕೊಡಿ. ಇದನ್ನು ಬರೆಯುವವರಲ್ಲಿ ನಿಜವಾಗಿ ಬಡವರಾದ ಮಕ್ಕಳು ಇರುತ್ತಾರೆ. ಅರ್ಚಕರ ಮಗ, ದಿನಕ್ಕೆ ನೂರಿನ್ನೂರು ರೂಪಾಯಿ ತಟ್ಟೆ ಕಾಸಿನಲ್ಲಿ ಮನೆ ನಡೆಯುವುದು ನಮಗೆ ಗೊತ್ತಿಲ್ಲದ್ದೇನಲ್ಲ. ಬಡತನಕ್ಕೆ ಫೀಸು ಮಾಫಿ, ಹಾಸ್ಟೆಲ್, ಸ್ಕಾಲರ್‌ಶಿಪ್ ಬೇಕು, ಅದು ಎಲ್ಲ ಜಾತಿಯ ಬಡವರಿಗೂ ಬೇಕು. ಮೀಸಲಾತಿ ಶುರುವಾದದ್ದು ಬೇರೆ ಕಾರಣಕ್ಕೆ. ಊರು ನಡೆಸುವ ಕುರ್ಚಿಗಳಲ್ಲಿ, ಆಫೀಸುಗಳಲ್ಲಿ, ಹೊರಗೆ ಇಟ್ಟವರಿಗೂ ಪಾಲು ಇರಲಿ ಅಂತ. ದುಡ್ಡು ಬಂದರೂ ಜಾತಿ ಕೇಳುವವರು ಕೇಳುತ್ತಲೇ ಇರುತ್ತಾರೆ. ಇಷ್ಟು ಹೇಳಿ, ಆಮೇಲೆ ಇದರ ಎದುರು ವಾದವನ್ನೂ ನೀವೇ ತನ್ನಿ. 2019ರಲ್ಲಿ 103ನೇ ತಿದ್ದುಪಡಿ ಶೇ 10ನ್ನು ಬಡತನದ ಆಧಾರದ ಮೇಲೇ ಕೊಟ್ಟಿತು. 2022ರಲ್ಲಿ ಸುಪ್ರೀಂ ಕೋರ್ಟ್ 3-2ರಲ್ಲಿ ಅದನ್ನು ಒಪ್ಪಿತು. ಎಸ್‌ಸಿ, ಎಸ್‌ಟಿ, ಒಬಿಸಿ ಬಡವರನ್ನು ಅದರಿಂದ ಹೊರಗಿಟ್ಟದ್ದು ಸರಿಯಲ್ಲ ಅನ್ನುವುದು ಒಪ್ಪದ ಇಬ್ಬರ ಮಾತು. ಐದು ಜನ ನ್ಯಾಯಮೂರ್ತಿಗಳೇ ಒಂದಾಗದ ಜಾಗದಲ್ಲಿ 17 ವರ್ಷದ ಮಕ್ಕಳು ಒಂದಾಗಬೇಕು ಅಂತ ನೀವು ಹಟ ಹಿಡಿಯಬೇಡಿ.

"ಮೀಸಲಾತಿ ತಗೊಂಡೋರೇ ಮತ್ತೆ ಮತ್ತೆ ತಗೋತಾರೆ." ಈ ಚೀಟಿ ಬಂದಾಗ ಮೀಸಲಾತಿ ಪರ ಇರುವ ಮೇಷ್ಟ್ರುಗಳು ಮುಖ ಸಿಂಡರಿಸುತ್ತಾರೆ. ಹಾಗೆ ಮಾಡಬೇಡಿ. ನಮ್ಮ ರಾಜ್ಯದ ಎಸ್‌ಸಿ ಪಟ್ಟಿಯಲ್ಲಿ 101 ಜಾತಿ ಇವೆ. ಎಲ್ಲರಿಗೂ ಒಂದೇ ಗುಡ್ಡೆಯಿಂದ ಬೀಜ. ಸಮನಾಗಿ ಸಿಕ್ಕಿಲ್ಲ ಅಂತ ಮಾದಿಗ ಸಮುದಾಯದ ಹೋರಾಟ ದಶಕಗಳಿಂದ ನಡೆಯಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 6-1ರಲ್ಲಿ ಒಳಮೀಸಲಾತಿ, ಅಂದರೆ ಆ ಒಂದು ಗುಡ್ಡೆಯನ್ನೇ ಒಳಗೆ ಹಂಚುವುದು, ಮಾಡಬಹುದು ಅಂದಿತು. ಅದಕ್ಕಾಗಿ ರಾಜ್ಯ ಸರ್ಕಾರ ಮಾಡಿದ್ದ ನಾಗಮೋಹನ್ ದಾಸ್ ಆಯೋಗದ ವರದಿ ಬಂದ ಮೇಲೆ 2025ರ ಆಗಸ್ಟ್‌ನಲ್ಲಿ ಸಚಿವ ಸಂಪುಟ 17ನ್ನು 6, 6, 5 ಅಂತ ಹಂಚಲು ತೀರ್ಮಾನಿಸಿತು. ಆಗ ಅಲೆಮಾರಿ ಸಮುದಾಯಗಳು ಬೀದಿಗೆ ಬಂದವು. ಆಯೋಗ ತಮಗೆ ಬೇರೆಯಾಗಿ ಇಟ್ಟಿದ್ದ ಶೇ 1 ಆ ಐದರೊಳಗೆ ಕರಗಿಹೋಯಿತು ಅನ್ನುವುದು ಅವರ ನೋವು. 17 ಬೀಜ ತೆಗೆದು ಈ ಮೂರು ಗುಡ್ಡೆ ಮಾಡಿಸಿ, ಆಮೇಲೆ ಆ ಒಂದು ಬೀಜ ಎಲ್ಲಿಡುತ್ತೀರಿ ಅಂತ ಕೇಳಿ. ನನ್ನ ಕ್ಲಾಸು ಗಪ್‌ಚಿಪ್ ಆಗುವುದು ಈ ಒಂದು ಬೀಜಕ್ಕೆ. ಹಿಂದೆ ಉಳಿದವರಲ್ಲೇ ಇನ್ನೂ ಹಿಂದೆ ಯಾರಿದ್ದಾರೆ ಅನ್ನುವ ಪ್ರಶ್ನೆಯಿಂದ ಮೀಸಲಾತಿಯ ಪರ ಇರುವವರೂ ತಪ್ಪಿಸಿಕೊಳ್ಳುವ ಹಾಗಿಲ್ಲ.

"ನೀವು ಯಾವ ಕೆಟಗರಿ ಮೇಡಂ?"

ಕೇಳೇ ಕೇಳುತ್ತಾರೆ. ಮಕ್ಕಳ ಜಾತಿ ಕೇಳಬಾರದು ಅನ್ನುವ ನಿಯಮ ನಮಗೆ ಅನ್ವಯಿಸಬೇಕಾಗಿಲ್ಲ. ಹೇಳುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ನಾನು ಹೇಳುತ್ತೇನೆ.

ನಮ್ಮಪ್ಪ ಊರಿನ ಬಟ್ಟೆ ಒಗೆಯುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ರಾಗಿ ತರುತ್ತಿದ್ದರು, ಅದೇ ವರ್ಷದ ಕೂಲಿ. ಕೊಟ್ಟಷ್ಟು ತಗೋಬೇಕು, ಕೇಳುವ ಹಾಗಿಲ್ಲ. ನಾನು ಟೂಎನಲ್ಲಿ ಕೆಲಸಕ್ಕೆ ಸೇರಿದೆ. ಅದನ್ನು ಮುಚ್ಚಿಡಲು ನನಗೆ ಕಾರಣ ಇಲ್ಲ. ನನ್ನ ಗಂಡನೂ ಮೇಷ್ಟ್ರು. ಇಬ್ಬರ ಸಂಬಳ ಸೇರಿದರೆ ಕೆನೆಪದರದ 8 ಲಕ್ಷದ ಗೆರೆ ದಾಟುತ್ತದೆ. ಮಗಳ ಸಿಇಟಿ ಅರ್ಜಿ ತುಂಬುವಾಗ ಜಿಎಂ ಅಂತ ಗುರುತು ಹಾಕಿದೆವು. ಅವಳು ಒಂದು ಕ್ಷಣ ಮೌಸ್ ಹಿಡಿದು ಸುಮ್ಮನೆ ಕೂತಳು. "ತಾತ ಬಟ್ಟೆ ಒಗೀತಿದ್ರು ಅಂತ ಈಗ್ಲೂ ಊರಲ್ಲಿ ನನ್ನನ್ನ ಹಾಗೇ ಗುರುತಿಸ್ತಾರೆ, ಫಾರ್ಮಲ್ಲಿ ಮಾತ್ರ ಅದು ಇಲ್ಲ, ಅಲ್ವಾಮ್ಮ?" ಅಂದಳು. ಕೆನೆಪದರ ಸರಿ ಅಂತ ನಾನು ನಂಬುತ್ತೇನೆ. ಅವಳ ಮಾತಿಗೆ ಮಾತ್ರ ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡನ್ನೂ ಕ್ಲಾಸಿನಲ್ಲಿ ಹೇಳುತ್ತೇನೆ.

ಸೀಟು ತಪ್ಪಿದ ಹುಡುಗ ಬಂದಾಗ

ಇದು ಪಾಠದ ದಿನ ಬರುವುದಿಲ್ಲ, ಸೀಟು ಹಂಚಿಕೆಯ ಪಟ್ಟಿ ಬಂದ ದಿನ ಬರುತ್ತದೆ. ಒಬ್ಬ ಬಂದಿದ್ದ. ಅಪ್ಪನಿಗೆ ಎರಡು ಎಕರೆ ಕಡಲೆಕಾಯಿ ಹೊಲ, ಬೋರ್ ಬತ್ತಿ ಎರಡು ವರ್ಷ. "ಅವ್ನ ರ‍್ಯಾಂಕ್ ನನ್ಗಿಂತ ಎಷ್ಟೋ ಹಿಂದೈತೆ ಮೇಡಂ. ಅವ್ನಿಗೆ ಸಿಕ್ತು." ಆ ಇನ್ನೊಬ್ಬನೂ ನನ್ನ ವಿದ್ಯಾರ್ಥಿಯೇ. ಬೆಳಗ್ಗೆ ಐದಕ್ಕೆ ಎದ್ದು ಬೇರೆಯವರ ಹಸು ಕರೆದು ಡೈರಿಗೆ ಹಾಲು ಹಾಕಿ ಕಾಲೇಜಿಗೆ ಬರುತ್ತಿದ್ದವನು. ಅದನ್ನು ಇವನಿಗೆ ಹೇಳಲು ಬಾಯಿಗೆ ಬಂತು. ಹೇಳಲಿಲ್ಲ. ಅವತ್ತು ಅವನಿಗೆ ಬೇಕಾಗಿದ್ದದ್ದು ಇತಿಹಾಸ ಅಲ್ಲ.

ಸೀಟು ತಪ್ಪಿದ ನೋವು ನಿಜವಾದದ್ದು. ನೂರು ವರ್ಷದ ಹಿಂದಿನ ತಪ್ಪು ಇವನು ಮಾಡಿದ್ದಲ್ಲ, ಅದರ ಭಾರದಲ್ಲಿ ಒಂದು ಪಾಲು ಇವನ ಮೇಲೆ ಬಿತ್ತು. ಅಷ್ಟನ್ನು ನಾವು ಒಪ್ಪಬೇಕು. ಒಪ್ಪಿದ ಮಾತ್ರಕ್ಕೆ ಮೀಸಲಾತಿ ತಪ್ಪಾಗುವುದಿಲ್ಲ. ನೀರು ಕೊಟ್ಟು ಕೂರಿಸಿದೆ. ಆಮೇಲೆ ಇಬ್ಬರೂ ಕಂಪ್ಯೂಟರ್ ಮುಂದೆ ಕೂತು ಮುಂದಿನ ಸುತ್ತಿಗೆ ಆಪ್ಷನ್ ಎಂಟ್ರಿ ತಿದ್ದಿದೆವು. ಅವನು ಬೆಂಗಳೂರಿನ ಕಾಲೇಜುಗಳನ್ನೇ ಹಾಕಿದ್ದ. ಹಾಸನ, ದಾವಣಗೆರೆ ಸೇರಿಸಿಸಿದೆ. ಎರಡು ಗಂಟೆ ಹಿಡಿಯಿತು. ಕೇಳಿದ ಕಾಲೇಜು ಅವನಿಗೆ ಸಿಗಲಿಲ್ಲ, ಬೇರೆ ಸಿಕ್ಕಿತು.

ಕೊನೆಗೆ ಆಫೀಸು ಕೆಲಸ

ಡಿಸೆಂಬರ್‌ನಲ್ಲೇ ಮಕ್ಕಳಿಗೆ ಹೇಳಿ, ನಾಡಕಚೇರಿಗೆ ಹೋಗಿ ಜಾತಿ, ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಲು. ಸಿಇಟಿ ಅರ್ಜಿಯಲ್ಲಿ ಆ ಪತ್ರದ ಮೇಲಿರುವ ಆರ್‌ಡಿ ನಂಬರ್ ಕೇಳುತ್ತದೆ. ಕೊನೆ ವಾರ ಹೋದರೆ ಸರ್ವರ್ ಡೌನ್, ಗ್ರಾಮ ಆಡಳಿತಾಧಿಕಾರಿ ರಜೆ, ಗೊತ್ತಿರುವುದೇ. ಪತ್ರದಲ್ಲಿ ಹೆಸರಿನ ಇನಿಶಿಯಲ್ ಮಾರ್ಕ್ಸ್‌ಕಾರ್ಡಿಗೆ ಹೊಂದುತ್ತದಾ ನೋಡಿ, ಇದೊಂದೇ ಕಾರಣಕ್ಕೆ ಪರದಾಡಿದವರನ್ನು ನಾನು ನೋಡಿದ್ದೇನೆ. ಸ್ಕಾಲರ್‌ಶಿಪ್ ವಿಷಯ ಇಡೀ ಕ್ಲಾಸಿಗೆ ಒಟ್ಟಿಗೆ ಹೇಳಿ, ಎಲ್ಲರ ಕೈಗೂ ಒಂದೇ ಹಾಳೆ ಕೊಡಿ. ಯಾರು ಯಾವುದನ್ನು ತುಂಬುತ್ತಾರೋ ಅವರೇ ನೋಡಿಕೊಳ್ಳಲಿ. ಅನುಮಾನ ಇದ್ದವರು ಬಂದು ಕೇಳಲು ಊಟದ ಹೊತ್ತಿನಲ್ಲಿ ಅರ್ಧ ಗಂಟೆ ಸ್ಟಾಫ್‌ರೂಮಿನಲ್ಲಿ ಒಬ್ಬರೇ ಇರಿ.

ಪಾಠ ಮುಗಿದ ಮೇಲೆ ಹುಣಸೆಬೀಜ ಎಣಿಸಿ ಡಬ್ಬಕ್ಕೆ ತುಂಬಿ. ಪ್ರತಿ ವರ್ಷ ನನಗೆ ನಾಲ್ಕೈದು ಕಮ್ಮಿ ಬೀಳುತ್ತವೆ, ಹೆಚ್ಚಾಗಿ ತೇಯ್ದವೇ. ಹಾಸ್ಟೆಲ್ ಹುಡುಗರು ಚೌಕಾಬಾರಕ್ಕೆ ಎತ್ತಿಕೊಂಡಿರುತ್ತಾರೆ.